ಅತ್ತಿಗೆಯ ಉತ್ತರಗಳು

ಅಕ್ಕನ ಎದುರಿಗೆ ತಮ್ಮನ ಕಿವಿಗೆ ಯಾವ ಮಾತು ಬೀಳಬಾರದೋ ಅಂಥ ಮಾತುಗಳೇ ಆ ಪ್ರಶ್ನಾವಳಿಯ ತುಂಬ ಇದ್ದವು. ಆದರೆ ಮೊದಲ ದಿನ ಅದು ಯಾರಿಗೂ ಗೊತ್ತಿರಲಿಲ್ಲ. ಮಿಲ್ಡೂರಾ ಪಟ್ಟಣದಲ್ಲಿ ಡಯಾಲಿಸಿಸ್ ಮುಗಿಸಿಕೊಂಡು ರೋಗಿಗಳ ವ್ಯಾನಿನಲ್ಲಿ ಬಂದ ಲೋಸಲೀನಿ ಕೈಚೀಲದಿಂದ ಒಂದು ಚೀಟಿ ತೆಗೆದು ಊಟದ ಮೇಜಿನ ಮೇಲಿಟ್ಟರು.

"ಇದನ್ನ ತುಂಬಬೇಕು."

"ಏನದು ಅತ್ತೆ?" ತಮ್ಮನ ಮಗಳು ಹೈಲಾಲ ಚೀಟಿ ಎತ್ತಿಕೊಂಡು ನೋಡಿದಳು. "ಇದು ಬರೀ ವಿಳಾಸ. ತುಂಬೋದು ಆನ್‌ಲೈನಲ್ಲಿ."

"ಕಿಡ್ನಿ ಹೋದವರ ಕಷ್ಟ ಏನು ಅಂತ ಯಾವುದೋ ಯೂನಿವರ್ಸಿಟಿಯವರು ಕೇಳ್ತಿದ್ದಾರಂತೆ. ಸಣ್ಣ ಊರುಗಳಲ್ಲೂ ಮೆಷಿನ್ ಇಡೋದಾ ಬೇಡವಾ ಅಂತ ನೋಡೋಕೆ. ನಮ್ಮ ದ್ವೀಪದವರು ಇನ್ನೂ ಒಬ್ಬರೂ ತುಂಬಿಲ್ಲ ಅಂದ್ಲು ನರ್ಸು. ನಾನು ತುಂಬ್ತೀನಿ ಅಂದೆ."

ಲೋಸಲೀನಿ ಅಂದರು ಎಂದರೆ ಆ ಮನೆಯಲ್ಲಿ ಆಯಿತು. ಟೊಂಗಾದವರಲ್ಲಿ ತಮ್ಮನಿಗಿಂತ ಅಕ್ಕ ದೊಡ್ಡವಳು, ತಮ್ಮನ ಮಕ್ಕಳಿಗಂತೂ ಅವಳ ಮಾತಿಗಿಂತ ಮೇಲಿನ ಮಾತಿಲ್ಲ. ಅವರ ತಮ್ಮ ಕೆಲೇಪಿಯ ಕೈಹಿಡಿದ ದಿನದಿಂದಲೂ ಲೂಪೆ ಇದನ್ನು ನೋಡುತ್ತಲೇ ಬಂದವಳು. ಮದುವೆಯಿರಲಿ ಸಾವಿರಲಿ, ಒಳ್ಳೆಯ ಚಾಪೆ ಅತ್ತಿಗೆಗೆ, ಸುಟ್ಟ ಹಂದಿಯಲ್ಲಿ ಒಳ್ಳೆಯ ಭಾಗ ಅತ್ತಿಗೆಗೆ, ಕೇಕಿನ ಮೇಲಿನ ಅಂತಸ್ತು ಅತ್ತಿಗೆಗೆ. ಮೂರು ವರ್ಷದ ಹಿಂದೆ ಅವರ ಕಿಡ್ನಿ ಕೈಕೊಟ್ಟಾಗ, ಟೊಂಗಾ ದ್ವೀಪದಲ್ಲಿ ಡಯಾಲಿಸಿಸ್ ಮೆಷಿನ್ ಇಲ್ಲವೆಂದು ಆಸ್ಟ್ರೇಲಿಯಾದ ರಾಬಿನ್‌ವೇಲ್‌ಗೆ ಕರೆತಂದದ್ದಾಯಿತು. ರಸ್ತೆ ಕಡೆಯ ದೊಡ್ಡ ಕೋಣೆಯೂ ಅತ್ತಿಗೆಗೇ ಹೋಯಿತು. ಲೂಪೆ ಒಂದು ದಿನವೂ ಎದುರಾಡಿದವಳಲ್ಲ. ಆದರೆ ದ್ರಾಕ್ಷಿ ಪ್ಯಾಕಿಂಗ್ ಶೆಡ್ಡಿನಲ್ಲಿ ದಿನವಿಡೀ ನಿಂತು ಬಂದವಳು, ಅತ್ತಿಗೆಗೆಂದು ಕೆಸುವಿನ ಗೆಡ್ಡೆಯನ್ನು ಒಂದು ನೀರಿನಲ್ಲಿ ಬೇಯಿಸಿ, ಕಿಡ್ನಿಗೆ ಆಗದ್ದು ಹೋಗಲೆಂದು ಆ ನೀರು ಚೆಲ್ಲಿ, ಇನ್ನೊಂದು ನೀರಿನಲ್ಲಿ ಬೇಯಿಸುವಾಗ ಪಾತ್ರೆಗಳ ಸದ್ದು ಕೊಂಚ ಜೋರಾಗಿಯೇ ಇರುತ್ತಿತ್ತು.

ಊಟವಾದ ಮೇಲೆ ಹೈಲಾಲ ತನ್ನ ಸ್ಕೂಲಿನ ಟ್ಯಾಬ್ ತಂದು ಅತ್ತೆಯ ಕಾಲ ಬಳಿ ಚಾಪೆಯ ಮೇಲೆ ಕುಳಿತಳು. ಪ್ರಶ್ನಾವಳಿಗೆ ಮೊದಲು ಒಂದು ಈಮೇಲ್ ಬೇಕಿತ್ತು. ಲೋಸಲೀನಿಗೆ ಅಂಥದ್ದು ಇರಲಿಲ್ಲ.

"ಅಪ್ಪಂದು ಹಾಕ್ತೀನಿ," ಎಂದು ಹೈಲಾಲ ಹಾಕಿಯೇಬಿಟ್ಟಳು. ಕೋಡ್ ನಂಬರು ಕೆಲೇಪಿಯ ಫೋನಿಗೆ ಬಂತು. ಕೆಲೇಪಿ ಅದನ್ನು ಅಡುಗೆಮನೆಯಿಂದ ಕೂಗಿ ಹೇಳಿದ. ಕೋಡ್ ಹಾಕಿದರೆ ಪರದೆಯ ಮೇಲೆ ಒಂಬತ್ತು ಚಿತ್ರಗಳು. ನೀವು ಯಂತ್ರವಲ್ಲ ಎಂದು ತೋರಿಸಲು ಟ್ರಾಫಿಕ್ ದೀಪವಿರುವ ಚಿತ್ರಗಳನ್ನು ಒತ್ತಿ ಎಂದಿತ್ತು.

"ನಾನು ಯಂತ್ರ ಅಲ್ಲ ಅಂತ ಹೇಗೆ ಹೇಳ್ಲಿ?" ಲೋಸಲೀನಿ ನಕ್ಕರು. "ವಾರದಲ್ಲಿ ಮೂರು ದಿನ ನನ್ನ ರಕ್ತ ಎಲ್ಲ ಅದರ ಹೊಟ್ಟೇಲೇ ಇರುತ್ತೆ. ಅರ್ಧ ಯಂತ್ರ ಅಂತ ಹಾಕೋಕಾಗಲ್ವಾ?"

ಮೊದಲ ಪುಟಗಳು ಸಲೀಸಾಗಿ ಹೋದವು. ಹುಟ್ಟಿದ ವರ್ಷ, ಎತ್ತರ, ಯಾವ್ಯಾವ ಮಾತ್ರೆ. ಆಮೇಲೆ ಹೈಲಾಲ ಇನ್ನೊಂದು ಪುಟ ತೆರೆದಳು. ಕಿವಿಯೆಲ್ಲ ಕೆಂಪಾಯಿತು. ಟ್ಯಾಬನ್ನು ಬೋರಲು ಹಾಕಿ ಎದ್ದು ಅಡುಗೆಮನೆಗೆ ಓಡಿಬಂದಳು.

"ಅಮ್ಮಾ, ನನ್ನಿಂದಾಗಲ್ಲ. ಅತ್ತೆಯ ಹೊಟ್ಟೆ ಕೆಳಗಿನ ವಿಷಯ ಎಲ್ಲ ಕೇಳ್ತಾರೆ. ಮೋಷನ್ ಎಷ್ಟು ಸಲ, ಗಟ್ಟಿನಾ, ಇನ್ನೂ ಏನೇನೋ. ನಾನು ಕೇಳಿದ್ರೆ ನಾಲಿಗೆ ಬಿದ್ದುಹೋಗುತ್ತೆ."

ಕೆಲೇಪಿ ಅಲ್ಲೇ ಚಹಾ ಕುಡಿಯುತ್ತಿದ್ದ. ಮಗಳ ಮಾತು ಕಿವಿಗೆ ಬಿದ್ದದ್ದೇ ಲೋಟ ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ ಹಿತ್ತಿಲ ಬಾಗಿಲಿನಿಂದ ಹೊರಗೆ ನಡೆದುಬಿಟ್ಟ. ನಿಂಬೆಗಿಡದ ಪಕ್ಕ ನಿಂತು ಆಕಾಶ ನೋಡತೊಡಗಿದ. ಲೂಪೆ ಹಿಂದೆಯೇ ಹೋದಳು.

"ಮುಂದಿನದ್ದು ನೀನೇ ಕೂತು ಮುಗಿಸು," ಎಂದ ಕೆಲೇಪಿ.

"ನಾನಾ? ನನ್ನ ಇಂಗ್ಲಿಷ್ ಏನಿದ್ರೂ ದ್ರಾಕ್ಷಿ ಪೆಟ್ಟಿಗೆಗೆ ಸರಿ ಕಣ್ರೀ. ಬೇಗ ಹಾಕು, ಕೊಳೆತದ್ದು ತೆಗಿ, ಅಷ್ಟೇ ಗೊತ್ತಿರೋದು."

"ಮತ್ತ್ಯಾರು ಮಾಡ್ತಾರೆ? ಅಕ್ಕ ನರ್ಸಿಗೆ ಮಾತು ಕೊಟ್ಟಾಗಿದೆ. ಆ ಮಾತು ಅಕ್ಕನ ಹತ್ರ ಆಡ್ತಿದ್ರೆ ಮನೆಯೊಳಗೆ ನಿಲ್ಲೋಕೂ ಆಗಲ್ಲ ನಂಗೆ."

"ನಿಮಗೆ ಒಳ್ಳೇದಾಯ್ತು. ಗೌರವ ಅಂತ ನೀವು ನಿಂಬೆಗಿಡದ ಹತ್ರ ತಂಪಾಗಿ ನಿಂತ್ಕೊಳ್ಳಿ. ಅದೇ ಗೌರವ ಅಂತ ನಾನು ಒಳಗೆ ಕೂತು ಅವರ ಮೋಷನ್ ಲೆಕ್ಕ ಕೇಳ್ತೀನಿ."

"ಮೆತ್ತಗೆ ಮಾತಾಡೇ!" ಕೆಲೇಪಿ ಕೈಮುಗಿಯುವುದೊಂದು ಬಾಕಿ.

ಹೀಗೆ ಆ ಕೆಲಸ ಲೂಪೆಯ ತಲೆಗೆ ಬಂತು. ಡಯಾಲಿಸಿಸ್ ಆದ ದಿನ ಲೋಸಲೀನಿಗೆ ಕಣ್ಣು ಬಿಡಲೂ ತ್ರಾಣವಿರುತ್ತಿರಲಿಲ್ಲ, ಹಾಗಾಗಿ ಅದಿಲ್ಲದ ಸಂಜೆಗಳೇ ಆಗಬೇಕು. ಪ್ರತಿ ಸಲವೂ ಕೆಲೇಪಿಯ ಫೋನಿಗೆ ಕೋಡು ಬರಬೇಕು. ಕೆಲೇಪಿ ಊರಾಚೆ ಬಾದಾಮಿ ತೋಟದಲ್ಲಿ ನೀರು ಬಿಡುವವನು. ಟ್ರ್ಯಾಕ್ಟರಿನಿಂದ ಇಳಿದು, ಕನ್ನಡಕ ಹುಡುಕಿ, ಆರು ಅಂಕಿ ಓದಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತಿತ್ತು. ಅದು ದಾಟಿದರೆ ಇನ್ನೊಂದು ತಾಪತ್ರಯ. ಸ್ವಲ್ಪ ಹೊತ್ತು ಏನೂ ಒತ್ತದಿದ್ದರೆ ಪುಟ ತಾನೇ ಮುಚ್ಚಿಕೊಂಡು, ಆ ಭಾಗಕ್ಕೆ ಕೊಟ್ಟ ಉತ್ತರಗಳೆಲ್ಲ ಮಾಯವಾಗಿ, ಭಾಗದ ಮೊದಲಿನಿಂದ ಮತ್ತೆ ಶುರು. ಲೂಪೆಗೆ ಒಂದು ಪ್ರಶ್ನೆ ಓದಿ ಅರ್ಥ ಮಾಡಿಕೊಳ್ಳಲು ಹೊತ್ತು ಬೇಕು, ಅದನ್ನು ಟೊಂಗಾ ಭಾಷೆಯಲ್ಲಿ, ದೊಡ್ಡವರಿಗೆ ಹೇಳುವ ಮರ್ಯಾದೆಯ ಮಾತಿನಲ್ಲಿ ಹೇಳಲು ಇನ್ನೂ ಹೊತ್ತು ಬೇಕು. ಲೋಸಲೀನಿಯೋ, ಪ್ರತಿ ಪ್ರಶ್ನೆಯನ್ನೂ ಪಾದ್ರಿ ಕೇಳಿದ ಪ್ರಶ್ನೆಯೆಂಬಂತೆ ಕಣ್ಣು ಮುಚ್ಚಿ ಯೋಚಿಸುವವರು.

"ನೋವು ಎಷ್ಟು ಅಂತ ಕೇಳಿದಾರೆ ಅತ್ತಿಗೆ. ಸೊನ್ನೆಯಿಂದ ಹತ್ತರೊಳಗೆ ಹೇಳ್ಬೇಕಂತೆ."

"ಹತ್ತು ಅಂದ್ರೆ ಎಷ್ಟು?"

"ಊಹಿಸಿಕೊಳ್ಳಬಹುದಾದ ಅತಿ ಕೆಟ್ಟ ನೋವು ಅಂತ ಬರೆದಿದೆ."

ಲೋಸಲೀನಿ ಕಣ್ಣು ಮುಚ್ಚಿದರು. ಅವರ ಎಡತೋಳಿನಲ್ಲಿ ಸೂಜಿ ಚುಚ್ಚಿ ಚುಚ್ಚಿ ಎದ್ದ ಗಂಟುಗಳನ್ನು ಲೂಪೆ ನೋಡುತ್ತ ಕುಳಿತಳು.

"ಒಂದು ಅಂತ ಹಾಕು."

"ಒಂದಾ? ಮೊನ್ನೆ ರಾತ್ರಿ ಕಾಲು ಸೆಳೆತ ಅಂತ ಗೋಡೆ ಹಿಡ್ಕೊಂಡು ನಿಂತಿದ್ರಲ್ಲ!"

"ಹೌದು. ಆದ್ರೆ ಅದಕ್ಕಿಂತ ಕೆಟ್ಟದ್ದನ್ನ ನಾನು ಬೇಕಾದಷ್ಟು ಊಹಿಸಬಲ್ಲೆ. ಒಂದು ಹಾಕು."

ಲೂಪೆ ಒಂದನ್ನು ಒತ್ತಿದಳು. ಪುಟ ಮುಚ್ಚಿಕೊಂಡಿತು.

ಇನ್ನೊಂದು ಸಂಜೆ ಬಾಯಾರಿಕೆಯ ಪ್ರಶ್ನೆ ಬಂತು. ಬಾಯಾರಿಕೆಯಿಂದ ತೊಂದರೆ ಇಲ್ಲವೇ ಇಲ್ಲ, ಸ್ವಲ್ಪ, ಸಾಕಷ್ಟು, ವಿಪರೀತ, ಇವುಗಳಲ್ಲಿ ಒಂದು. ಬೇಸಿಗೆಯ ಬಿಸಿ ಗಾಳಿ ಇನ್ನೂ ಇಳಿದಿರಲಿಲ್ಲ. ದಿನಕ್ಕೆ ನಾಲ್ಕು ಲೋಟ, ಸಾರು ಚಹಾ ಎಲ್ಲ ಸೇರಿ ನಾಲ್ಕೇ ಲೋಟ ಎಂದು ಡಾಕ್ಟರು ಕಟ್ಟಿಹಾಕಿದ್ದರು.

"ತೊಂದರೆ ಅನ್ನೋ ಮಾತು ಸರಿಯಿಲ್ಲ ಕಣೇ," ಎಂದರು ಲೋಸಲೀನಿ. "ತೊಂದರೆ ಬಂದು ಹೋಗುತ್ತೆ. ಇದು ಜೊತೆಗೇ ಇರೋದು. ನೀನು ಪಾತ್ರೆ ತೊಳೆಯೋವಾಗ ನಲ್ಲಿ ಬಿಡ್ತೀಯಲ್ಲ, ನಾನು ಬಾಗಿಲು ತೆಗೆದಿಟ್ಕೊಂಡು ಆ ಶಬ್ದನ ಕುಡೀತಿರ್ತೀನಿ."

ಲೂಪೆಯ ಬೆರಳು ಪರದೆಯ ಮೇಲೇ ನಿಂತಿತು. ತಾನು ಪಾತ್ರೆ ತೊಳೆಯಲು ನಿಂತಾಗಲೆಲ್ಲ ಅತ್ತಿಗೆಯ ಕೋಣೆಯ ಬಾಗಿಲು ತೆರೆದುಕೊಳ್ಳುತ್ತಿತ್ತು. ತನ್ನ ಕೆಲಸದ ಮೇಲೆ ಕಣ್ಣಿಡಲು ಎಂದುಕೊಂಡಿದ್ದಳು. ಶೆಡ್ಡಿನ ಗೆಳತಿಯರ ಹತ್ತಿರ ಆಡಿಕೊಂಡೂ ಇದ್ದಳು.

ಮಾರನೆಯ ದಿನ ಅವಳು ನಲ್ಲಿಯನ್ನು ಸಣ್ಣಗೆ, ಸದ್ದಾಗದ ಹಾಗೆ ಬಿಟ್ಟುಕೊಂಡು ಪಾತ್ರೆ ತೊಳೆದಳು. ಕೋಣೆಯಿಂದ ಕೂಗು ಬಂತು.

"ಲೂಪೇ! ನಲ್ಲಿಗೇನಾಯ್ತೇ? ಜೋರಾಗಿ ಬಿಡು!"

ಮನೆಯವರಿಗೆ ಹೊರೆ ಎಂದು ಅನಿಸುತ್ತದೆಯೇ ಎಂಬುದೂ ಇತ್ತು. ಅದನ್ನು ಹೇಳುವಾಗ ಲೂಪೆ ತಲೆ ತಗ್ಗಿಸಿದಳು. ಲೋಸಲೀನಿ ಕುರ್ಚಿಯಲ್ಲಿ ನೆಟ್ಟಗಾದರು.

"ಯಾರು, ನಾನಾ? ಕೆಲೇಪಿಗಾ? ನನ್ನ ಹೊರೋದು ಅವನ ಕೆಲಸ. ಹೊರದೇ ಇದ್ರೆ ಅವನು ನಮ್ಮಪ್ಪನ ಮಗನೇ ಅಲ್ಲ. ಇಲ್ಲವೇ ಇಲ್ಲ ಅಂತ ಒತ್ತು."

ಲೂಪೆ ಒತ್ತಲು ಹೋದಳು.

"ತಾಳು. ಕೆಲವು ಸಲ ಅನ್ನೋದಿದ್ಯಾ?"

"ಇದೆ."

"ಅದನ್ನ ಒತ್ತು. ಕೆಲೇಪಿ ವಿಷಯಕ್ಕಲ್ಲ. ನಿನ್ನ ವಿಷಯಕ್ಕೆ."

ಲೂಪೆ ಒತ್ತಿದಳು. ಅತ್ತಿಗೆ ಕಿಟಕಿಯ ಕಡೆ ತಿರುಗಿ, "ಮುಂದಿನದು ಓದು, ಅದು ಮುಚ್ಚಿಕೊಂಡುಬಿಡುತ್ತೆ," ಎಂದರು.

ಮುಂದಿನದು ಕೈಯ ಬಗ್ಗೆ. ಡಯಾಲಿಸಿಸ್ ಸೂಜಿಗೆಂದು ರಕ್ತನಾಳ ಜೋಡಿಸಿ ಹೊಲಿದ ಜಾಗ ಸರಿಯಾಗಿದೆಯೇ ಎಂದು ದಿನವೂ ಮುಟ್ಟಿ ನೋಡಿಕೊಳ್ಳುತ್ತೀರಾ ಎಂದಿತ್ತು.

"ಮುಟ್ಟಿ ನೋಡಿದ್ರೆ ಹೇಗೆ ಗೊತ್ತಾಗುತ್ತೆ ಅತ್ತಿಗೆ?"

"ಇಲ್ಲಿ ಕೈ ಇಡು."

ಲೂಪೆ ಹಿಂಜರಿದಳು. ಅಷ್ಟು ವರ್ಷದಲ್ಲಿ ಅವಳು ಅತ್ತಿಗೆಯ ಕಾಲ ಬಳಿ ಕುಳಿತಿದ್ದಳು, ತಟ್ಟೆ ಕೊಟ್ಟಿದ್ದಳು, ಚಾಪೆ ಹಾಸಿದ್ದಳು, ಮೈ ಮುಟ್ಟಿರಲಿಲ್ಲ. ಲೋಸಲೀನಿ ತಾವೇ ಅವಳ ಕೈ ಹಿಡಿದು ತೋಳಿನ ಒಳಭಾಗಕ್ಕೆ ಒತ್ತಿಕೊಂಡರು.

ಲೂಪೆಯ ಮೈ ಜುಂ ಎಂದಿತು. ಚರ್ಮದಡಿ ನೂರಾರು ಜೇನುನೊಣ ಗುಂಯ್‌ಗುಡುತ್ತಿದ್ದ ಹಾಗಿತ್ತು. ನಾಡಿಯ ಮಿಡಿತವಲ್ಲ ಅದು. ಒಂದೇ ಸಮನೆ ಹರಿಯುವ, ನಿಲ್ಲದ ಒಂದು ಭೋರ್ಗರೆತ, ಮುದುಕಿಯ ಸುಕ್ಕು ತೋಳಿನೊಳಗೆ. ಕೈ ತೆಗೆಯಲು ಮನಸ್ಸಾಗಲಿಲ್ಲ.

"ಯಾವಾಗ್ಲೂ ಹೀಗೇ ಇರುತ್ತಾ?"

"ಮಲಗಿದ್ರೂ ಇರುತ್ತೆ. ದಿಂಬಿನ ಮೇಲೆ ತೋಳಿಟ್ರೆ ಕಿವಿಗೆ ಕೇಳುತ್ತೆ. ಮೊದಲು ಹೆದರಿಕೆ ಆಗ್ತಿತ್ತು. ಈಗ ಕೇಳದೇ ಇದ್ರೆ ಹೆದರಿಕೆ."

ಅಷ್ಟರಲ್ಲಿ ಪುಟ ಮುಚ್ಚಿಕೊಂಡಿತ್ತು. ಇಬ್ಬರೂ ಗಮನಿಸಿರಲಿಲ್ಲ.

ಗೊತ್ತಿಲ್ಲದ ಪದಗಳನ್ನು ಲೂಪೆ ಅಂಗೈ ಮೇಲೆ ಬರೆದುಕೊಂಡು ಶೆಡ್ಡಿಗೆ ಹೋಗುತ್ತಿದ್ದಳು. ಚಹಾದ ಹೊತ್ತಿನಲ್ಲಿ ಅವಳ ಲೈನಿನ ಮೇಲ್ವಿಚಾರಕಿ ಗ್ಲೆಂಡಾಳನ್ನು ಕೇಳುವುದು. ಒಂದು ದಿನ ಹಾಗೆ ಒಂದು ಪದವನ್ನು ಒಂದೊಂದೇ ಅಕ್ಷರ ಓದಿದಳು.

ಗ್ಲೆಂಡಾ ಚಹಾ ಉಗುಳಿಯೇಬಿಟ್ಟಳು. "ಯಾರಿಗೆ ಬೇಕಾಗಿತ್ತು ಇದು? ನಿನ್ನ ಗಂಡಂಗಾ?"

"ಅಯ್ಯೋ ಅಲ್ಲ, ನಮ್ಮತ್ತಿಗೆಗೆ."

ಅರ್ಥ ತಿಳಿದ ಮೇಲೆ ಲೂಪೆಯೇ ದ್ರಾಕ್ಷಿ ಪೆಟ್ಟಿಗೆಯ ಮೇಲೆ ಕುಸಿದು ಕುಳಿತಳು. ಹಾಸಿಗೆಯ ಆಸೆ ಮೊದಲಿನಷ್ಟೇ ಇದೆಯೇ ಎಂದು ಈಗ ಲೋಸಲೀನಿಯನ್ನು ಕೇಳಬೇಕು! ಶೆಡ್ಡೆಲ್ಲ ಬಿದ್ದು ಬಿದ್ದು ನಕ್ಕಿತು. ನಗು ನಿಂತ ಮೇಲೆ ಗ್ಲೆಂಡಾ, "ನಮ್ಮಮ್ಮನೂ ಆ ಮೆಷಿನ್ ಮೇಲೇ ಇದ್ಲು. ಅವಳನ್ನ ಯಾರೂ ಏನೂ ಕೇಳಲಿಲ್ಲ," ಎಂದು ಹೇಳಿ ಎದ್ದು ಹೋದಳು.

ಆ ಭಾಗ ಅರ್ಧಕ್ಕೇ ನಿಂತಿತು. ಆದರೆ ಪ್ರಶ್ನಾವಳಿ ಬಿಡಬೇಕಲ್ಲ. ಎರಡು ದಿನ ಕಳೆದ ಮೇಲೆ ಅದು ನೆನಪೋಲೆ ಕಳಿಸಿತು. ಬಾದಾಮಿ ಮರದ ನೆರಳಲ್ಲಿ ಜೊತೆಗಾರರ ನಡುವೆ ಬುತ್ತಿ ಬಿಚ್ಚಿ ಕುಳಿತಿದ್ದ ಕೆಲೇಪಿ ಫೋನು ತೆರೆದು ನೋಡಿದ. ನಿಮ್ಮ ಲೈಂಗಿಕ ಆರೋಗ್ಯದ ಭಾಗ ಇನ್ನೂ ಪೂರ್ತಿಯಾಗಿಲ್ಲ, ದಯವಿಟ್ಟು ಮುಂದುವರಿಸಿ ಎಂದಿತ್ತು. ಮೇಲೆ ಅಕ್ಕನ ಹೆಸರು.

ಆ ಸಂಜೆ ಕೆಲೇಪಿ ತಟ್ಟೆ ತೆಗೆದುಕೊಂಡು ಹೋಗಿ ಟ್ರಕ್ಕಿನಲ್ಲಿ ಕುಳಿತ. ಕೆಸುವಿನೆಲೆಯಲ್ಲಿ ಸುತ್ತಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಮಾಂಸ ಅವನಿಗೆ ಪ್ರಾಣ. ಅದನ್ನು ಸ್ಟೀರಿಂಗಿನ ಮೇಲಿಟ್ಟುಕೊಂಡು ಕತ್ತಲಲ್ಲಿ ತಿಂದ.

"ಕೆಲೇಪಿ ಎಲ್ಲಿ?" ಲೋಸಲೀನಿ ಕೇಳಿದರು.

"ಟ್ರಕ್ಕಲ್ಲಿ ಊಟ ಮಾಡ್ತಿದ್ದಾರೆ."

"ಯಾಕೆ? ಮನೇಲಿ ಜಾಗ ಇಲ್ವಾ?"

ಲೂಪೆ ತೊದಲುತ್ತ ವಿಷಯ ಹೇಳಿದಳು. ಲೋಸಲೀನಿ ಸಿಟ್ಟಾಗುತ್ತಾರೆಂದು ಹೈಲಾಲ ತಟ್ಟೆಯಲ್ಲೇ ಮುಖ ಹುದುಗಿಸಿದಳು. ಲೋಸಲೀನಿಯ ಭುಜ ಅಲುಗತೊಡಗಿತು. ಬಾಯಿಗೆ ಕರವಸ್ತ್ರ ಒತ್ತಿಕೊಂಡರೂ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು.

"ಪಾಪ, ಅವನ ಬಾಯಿಗೆ ಇನ್ನು ಉಪ್ಪುಖಾರ ಹತ್ತಲ್ಲ," ಎಂದರು. ಆಮೇಲೆ ಮೆಲ್ಲಗೆ, "ಆ ಭಾಗಕ್ಕೆಲ್ಲ 'ಉತ್ತರ ಕೊಡಲು ಇಷ್ಟವಿಲ್ಲ' ಅಂತ ಒತ್ತಿಬಿಡೇ. ಅವನು ಒಳಗೆ ಬಂದು ಉಣ್ಣಲಿ."

ಹೀಗೆ ವಾರಗಳು ಉರುಳಿದವು. ಲೂಪೆಯ ಓದು ಚುರುಕಾಯಿತು. ಕೊನೆಗೊಂದು ಸಂಜೆ, ಕೆಲೇಪಿ ಪಾಳಿ ಮುಗಿಸಿ ತೋಟದಿಂದ ಹೊರಡುವ ಹೊತ್ತಿಗೆ, ಕಟ್ಟಕಡೆಯ ಭಾಗ ತೆರೆಯಿತು. ಲೂಪೆ ಪ್ರಶ್ನೆ ಓದಿದಳು. ಆ ಪದಗಳಿಗೆ ಗ್ಲೆಂಡಾ ಬೇಕಿರಲಿಲ್ಲ.

"ಇದು ನಿಮಗಲ್ಲ ಅತ್ತಿಗೆ, ಬಿಡೋಣ."

"ಏನಿದೆಯೋ ಹೇಳು."

"ಬೇರೆಯವರಿಗೆ..."

"ಲೂಪೆ."

ಲೂಪೆ ಟ್ಯಾಬಿನಿಂದ ಕಣ್ಣೆತ್ತದೆ ಹೇಳಿದಳು. "ಕಳೆದ ತಿಂಗಳಲ್ಲಿ ಡಯಾಲಿಸಿಸ್ ನಿಲ್ಲಿಸಿಬಿಡೋ ಯೋಚನೆ ಬಂದಿದ್ಯಾ ಅಂತ."

ಈ ಸಲ ಲೋಸಲೀನಿ ಕಣ್ಣು ಮುಚ್ಚಲಿಲ್ಲ.

"ಹೌದು ಅಂತ ಒತ್ತು."

"ಅತ್ತಿಗೆ!"

"ಒತ್ತು ಅಂದೆ."

ಒತ್ತಿದಳು. "ಎಷ್ಟು ಸಲ ಅಂತ ಕೇಳ್ತಿದೆ."

"ಪ್ರತಿ ಸಲ ಅನ್ನೋದಿದ್ಯಾ?"

"ಬಹಳ ಸಲ ಅಂತಿದೆ."

"ಕಮ್ಮಿ ಆಯ್ತು. ಇರಲಿ, ಅದನ್ನೇ ಒತ್ತು."

ಆಮೇಲೆ ಒಂದೇ ಪ್ರಶ್ನೆ ಉಳಿದಿತ್ತು. ಯಾರ ಸಹಾಯವೂ ಇಲ್ಲದೆ ನೀವೇ ಇದನ್ನು ತುಂಬಿದಿರಾ? ಲೂಪೆಗೆ ಅದರಲ್ಲಿ ಏನೋ ಬಲೆಯಿದೆ ಅನಿಸಿತು. "ಹೌದು ಅಂದುಬಿಡ್ಲಾ?"

"ಅಷ್ಟೆಲ್ಲ ನಿಜ ಹೇಳಿ ಈಗೊಂದು ಸುಳ್ಳು ಹಾಕ್ತೀಯಾ? ಇಲ್ಲ ಅಂತ ಒತ್ತು."

ಲೂಪೆ ಒತ್ತಿದಳು. ಧನ್ಯವಾದ ಎಂದು ಬಂತು. ಕೆಳಗೆ, ರೋಗಿಗಳು ಸ್ವತಃ ಕೊಟ್ಟ ಉತ್ತರಗಳನ್ನು ಮಾತ್ರ ಸ್ವೀಕರಿಸಲಾಗುವುದು, ನಿಮ್ಮ ಉತ್ತರಗಳನ್ನು ಸೇರಿಸಿಕೊಳ್ಳಲಾಗದು ಎಂದು. ಲೂಪೆ ಅದನ್ನು ಎರಡು ಸಲ ಓದಿದಳು. ಅತ್ತಿಗೆಗೆ ಹೇಳುವ ಮೊದಲೇ ಹೊರಗೆ ಟ್ರಕ್ಕು ಬಂದು ನಿಂತ ರಭಸಕ್ಕೆ ಜಲ್ಲಿ ಚಿಮ್ಮಿತು.

ಕೆಲೇಪಿ ಬಾಗಿಲಲ್ಲೇ ನಿಂತ. ಬೂಟು ಬಿಚ್ಚಿರಲಿಲ್ಲ. ಕೈಯಲ್ಲಿ ಫೋನು.

"ಅಕ್ಕ, ನನ್ನ ಮನೇಲಿ ನಿಮಗೆ ಏನು ಕಮ್ಮಿಯಾಯ್ತು?"

ಕೆಲೇಪಿ ಫೋನನ್ನು ಮುಂದೆ ಚಾಚಿದ.

"ನಿಲ್ಲಿಸೋ ಯೋಚನೆ ಬಂದಿದ್ರೆ ಈ ನಂಬರಿಗೆ ಫೋನ್ ಮಾಡಿ ಅಂತ ನಂಗೆ ಕಳಿಸಿದಾರೆ. ನಂಗೆ! ನಿಮ್ಮ ತಮ್ಮ ನಿಮ್ಮನ್ನ ಸಾಯೋ ಯೋಚನೆ ಬರೋ ಹಾಗೆ ಇಟ್ಕೊಂಡಿದ್ದಾನೆ ಅಂತ ಊರಿಗೆ ತಿಳಿದ್ರೆ ನಾನು ಚರ್ಚಿನಲ್ಲಿ ಎಲ್ಲಿ ಕೂರ್ಲಿ?" ಲೂಪೆಯ ಕಡೆ ತಿರುಗಿದ. "ನೀನು ಏನೋ ಅಂದಿರ್ತೀಯ."

"ನಾನಾ?" ಲೂಪೆ ಎದ್ದು ನಿಂತಳು. ಅತ್ತಿಗೆ ಕುಳಿತಿರುವಾಗ ತಾನು ನಿಂತು ಮಾತಾಡುತ್ತಿದ್ದೇನೆಂಬುದೂ ಮರೆತುಹೋಯಿತು. "ಮೂರು ವರ್ಷದಿಂದ ಎರಡೆರಡು ನೀರಲ್ಲಿ ಗೆಡ್ಡೆ ಬೇಯಿಸ್ತಿರೋಳು ನಾನು. ಈ ಪ್ರಶ್ನೆ ಕೇಳಿದವಳೂ ನಾನು, ಉತ್ತರ ಕೇಳಿ ನಡುಗಿದವಳೂ ನಾನು. ನೀವೆಲ್ಲಿದ್ರಿ? ನಿಂಬೆಗಿಡದ ಹತ್ರ!"

"ಬಾಯಿ ಮುಚ್ಚಿ ಇಬ್ಬರೂ."

ಲೋಸಲೀನಿಯ ದನಿ ಏರಿರಲಿಲ್ಲ. ಆದರೂ ಕೆಲೇಪಿ ಹೊಸ್ತಿಲಲ್ಲೇ ಕುಳಿತುಬಿಟ್ಟ, ಲೂಪೆ ಚಾಪೆಯ ಮೇಲೆ.

"ಯೋಚನೆ ಬಂದಿದ್ಯಾ ಅಂದ್ರು, ಬಂದಿದೆ ಅಂದೆ. ವಾರಕ್ಕೆ ಮೂರು ಸಲ ಯೋಚನೆ ಮಾಡ್ತೀನಿ. ವಾರಕ್ಕೆ ಮೂರು ಸಲ ಹೋಗಿ ವ್ಯಾನ್ ಹತ್ತೀನಿ. ಯಾಕೆ ಹತ್ತಿದ್ರಿ ಅಂತ ಅವರೂ ಕೇಳಲಿಲ್ಲ, ನೀವೂ ಕೇಳಲಿಲ್ಲ." ಲೂಪೆಯ ಕಡೆ ನೋಡಿದರು. "ಆ ಪ್ರಶ್ನೆ ಇದ್ಯೇನೇ ಅದರಲ್ಲಿ?"

"ಇಲ್ಲ ಅತ್ತಿಗೆ. ಮತ್ತೆ... ನಾನು ಸಹಾಯ ಮಾಡಿದ್ದಕ್ಕೆ ನಿಮ್ಮ ಉತ್ತರ ಯಾವುದನ್ನೂ ತಗೊಳ್ಳಲ್ವಂತೆ."

ಲೋಸಲೀನಿ ಎದ್ದು, ಗೋಡೆ ಹಿಡಿದು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅದಾದ ಮೇಲೆ ಲೂಪೆ ಪಾತ್ರೆ ತೊಳೆಯುವಾಗಲೂ ಆ ಬಾಗಿಲು ತೆರೆಯಲಿಲ್ಲ.

ಕೆಲೇಪಿ ಉಂಡನೋ ಬಿಟ್ಟನೋ ಎಂಬಂತೆ ಎದ್ದುಹೋಗುತ್ತಿದ್ದ. ಭಾನುವಾರ ಚರ್ಚಿನಿಂದ ಬಂದವನು ಟೊಂಗಾದವರು ಮರ್ಯಾದೆಗೆಂದು ಸೊಂಟಕ್ಕೆ ಸುತ್ತಿಕೊಳ್ಳುವ ಚಾಪೆಯನ್ನೂ ಬಿಚ್ಚದೆ ಟ್ರಕ್ಕಿನಲ್ಲಿ ಕುಳಿತು ಕಿಟಕಿ ಏರಿಸಿಕೊಂಡ. ಬಟ್ಟೆ ಒಣಹಾಕುತ್ತಿದ್ದ ಲೂಪೆಗೆ ಒಳಗಿನ ದನಿ ಕೇಳಿಸಿತು. ಅಂಗಡಿಯಲ್ಲೂ ಇಂಗ್ಲಿಷ್ ಮಾತಾಡಲು ಹೆಂಡತಿಯನ್ನು ಮುಂದೆ ತಳ್ಳುವ ಗಂಡ ಯಾರಿಗೋ ಫೋನಿನಲ್ಲಿ ಸಂದೇಶ ಬಿಡುತ್ತಿದ್ದ. ಮುರುಕು ಇಂಗ್ಲಿಷ್, ಒಂದೊಂದು ಪದಕ್ಕೂ ಹೋರಾಟ.

"ನನ್ನ ಅಕ್ಕ ಮಾತಾಡಿದಾರೆ. ನೀವು ಬಿಸಾಕಿದೀರಿ. ಅಕ್ಕನ ಮಾತು ನೆಲಕ್ಕೆ ಬೀಳೋ ಹಾಗಿಲ್ಲ. ನೀವು ಕೇಳ್ಬೇಕು. ನಮ್ಮ ಭಾಷೇಲಿ ಕೇಳ್ಬೇಕು. ನಾನು ಕೆಲೇಪಿ. ದಯವಿಟ್ಟು."

ಲೂಪೆ ಒದ್ದೆ ಬಟ್ಟೆ ಹಿಡಿದುಕೊಂಡು ನಿಂತೇ ಇದ್ದಳು.

ವಾರದೊಳಗೆ ಹ್ಯಾರಿಯೆಟ್ ಎಂಬ ಹೆಂಗಸು ಫೋನ್ ಮಾಡಿದಳು. ಪ್ರಶ್ನೆ ಕಳಿಸಿದವರಲ್ಲಿ ಅವಳೂ ಒಬ್ಬಳಂತೆ. ಉತ್ತರಗಳನ್ನು ಅಂಕಿಗಳ ಲೆಕ್ಕಕ್ಕೆ ಸೇರಿಸಲು ನಿಯಮ ಬಿಡುವುದಿಲ್ಲ, ಆದರೆ ಹೇಳುವುದನ್ನು ಹೇಳಿದ ಹಾಗೇ ವರದಿಯಲ್ಲಿ ಬರೆಯುತ್ತೇನೆ, ಶನಿವಾರ ಟೊಂಗಾದ ದುಭಾಷಿಯನ್ನೂ ಫೋನಿಗೆ ಕರೆಯುತ್ತೇನೆ ಎಂದಳು.

ಶನಿವಾರ ಕೆಲೇಪಿ ಗಾಳ ಹಿಡಿದುಕೊಂಡು ಮಗಳ ಜೊತೆ ಮರ್ರೆ ನದಿಗೆ ಹೊರಟುಹೋದ. ಫೋನನ್ನು ಮೇಜಿನ ಮೇಲಿಟ್ಟು ಲೂಪೆಯೂ ಹೊರಡಲಿದ್ದಳು.

"ಎಲ್ಲಿಗೆ? ಕೂತ್ಕೊ," ಎಂದರು ಲೋಸಲೀನಿ.

ಬ್ರಿಸ್ಬೇನಿನಿಂದ ಮಾತಾಡಿದ ದುಭಾಷಿಗೆ ದೊಡ್ಡವರ ಮುಂದೆ ಆಡುವ ಭಾಷೆ ಚೆನ್ನಾಗಿ ಬರುತ್ತಿತ್ತು. ನೋವು, ಊಟ, ನಿದ್ದೆ ಎಲ್ಲ ಮುಗಿಯಿತು. ನಿಲ್ಲಿಸುವ ಯೋಚನೆಯ ಪ್ರಶ್ನೆಯೂ ಆಯಿತು. ಆಗ ಹ್ಯಾರಿಯೆಟ್ ಏನೋ ಕೇಳಿದಳು. ದುಭಾಷಿ ಹೇಳಿದಳು: "ಆದರೂ ನೀವು ಹೋಗ್ತಿದ್ದೀರಿ. ಯಾಕೆ ಅಂತ ಹೇಳಬಹುದಾ ಅಂತ ಕೇಳ್ತಿದ್ದಾರೆ, ತಾಯಿ."

ಲೋಸಲೀನಿ ಲೂಪೆಯ ಕಡೆ ಒಮ್ಮೆ ನೋಡಿ ಶುರುಮಾಡಿದರು.

"ಮೊದಲು ವ್ಯಾನಲ್ಲಿ ನಾಲ್ಕು ಜನ ಇದ್ವಿ. ನಾನು, ಡೆಸ್ ಅಂತ ಒಬ್ಬ ಮುದುಕ, ವಿಯೆಟ್ನಾಮಿನ ಮಿಸೆಸ್ ಫಾಮ್, ಆಮೇಲೆ ಮಾರ್ಜ್. ಒಂದು ಬೆಳಿಗ್ಗೆ ಮಾರ್ಜ್ ಗೇಟಿನ ಹತ್ರ ವ್ಯಾನ್ ನಿಂತಿತು. ಡ್ರೈವರ್ ಹಾರ್ನ್ ಹೊಡೆದ. ಅವಳು ಬರಲಿಲ್ಲ. ನಾವು ಮೂವರೂ ಗೇಟ್ ನೋಡ್ತಾ ಕೂತಿದ್ವಿ. ಆಮೇಲೆ ಅವಳ ಗಂಡ ಹೊರಗೆ ಬಂದು ಇಲ್ಲ ಅಂತ ತಲೆ ಅಲ್ಲಾಡಿಸ್ದ. ಅವಳೇ ನಿಲ್ಲಿಸಿದ್ಲು. ತಪ್ಪಲ್ಲ, ಅದು ಅವಳ ಇಷ್ಟ. ವ್ಯಾನ್ ಹೊರಟಿತು. ದಾರಿ ಉದ್ದಕ್ಕೂ ಜೋಕ್ ಹೇಳೋ ಡೆಸ್ ಆ ದಿನ ಬಾಯಿ ತೆಗೀಲಿಲ್ಲ. ಮಿಸೆಸ್ ಫಾಮ್ ಖಾಲಿ ಸೀಟಿನ ಬೆಲ್ಟ್ ಹಾಕಿದ್ಲು. ಯಾಕೆ ಹಾಕಿದ್ಲೋ ಅವಳಿಗೂ ಗೊತ್ತಿಲ್ಲ."

ಅವರು ನಾಲಿಗೆಯಿಂದ ತುಟಿ ಒದ್ದೆ ಮಾಡಿಕೊಂಡರು.

"ನಾನು ಬೆಳಿಗ್ಗೆ ಮಂಚದ ಮೇಲೆ ಕೂತು, ಸಾಕು, ಇವತ್ತು ಬೇಡ ಅಂದ್ಕೋತೀನಿ. ನಿಜವಾಗಿಯೂ ಅಂದ್ಕೋತೀನಿ. ಅಷ್ಟರಲ್ಲಿ ಹಾರ್ನ್ ಕೇಳಿಸುತ್ತೆ. ಅವರಿಬ್ಬರೂ ನನ್ನ ಗೇಟ್ ನೋಡ್ತಿರ್ತಾರೆ. ಗೇಟ್ ನೋಡ್ತಾ ಕೂತ್ಕೊಳ್ಳೋದು ಏನು ಅಂತ ನಂಗೆ ಗೊತ್ತು. ಇವತ್ತೊಂದಿನ ಅವರಿಗೆ ಅದು ಬೇಡ ಅಂತ ಎದ್ದು ಹೋಗಿ ಹತ್ತೀನಿ. ಅಷ್ಟೇ. ಬೇರೆ ಏನಿಲ್ಲ."

"ಲೈನಿನಲ್ಲಿದ್ದೀರಾ?" ಎಂದು ಹ್ಯಾರಿಯೆಟ್ ದುಭಾಷಿಯನ್ನು ಕೇಳಿದಳು. "ಇದ್ದೀನಿ, ಒಂದು ನಿಮಿಷ ಕೊಡಿ," ಎಂಬ ದನಿ ಬಂತು.

ಲೂಪೆಗೂ ಒಂದು ನಿಮಿಷ ಬೇಕಿತ್ತು. ಯಾರ ಮುಂದೆ ಎಲ್ಲರೂ ತಲೆಬಾಗುತ್ತಾರೋ ಆ ಹೆಂಗಸು, ತನ್ನ ದೊಡ್ಡಸ್ತಿಕೆಯ ಗಂಧವೂ ಗೊತ್ತಿಲ್ಲದ ಇಬ್ಬರಿಗಾಗಿ, ಒಂದು ಚಾಪೆಯನ್ನೂ ಒಂದು ಹಂದಿಮರಿಯನ್ನೂ ಕೊಡದ ಇಬ್ಬರಿಗಾಗಿ, ಸಾವನ್ನು ಬದಿಗೆ ಸರಿಸಿ ಎದ್ದು ನಡೆಯುತ್ತಿದ್ದರು. ಅದೂ ಈ ಮನೆಯಿಂದಲೇ, ಲೂಪೆ ಶೆಡ್ಡಿಗೆ ಹೋದ ಮೇಲೆ, ಯಾರೂ ನೋಡದಿರುವಾಗ.

ಸಂಜೆ ಮೀನು ಹಿಡಿದುಕೊಂಡು ಬಂದ ಕೆಲೇಪಿ ಹಿತ್ತಿಲಿನಿಂದಲೇ ಕೇಳಿದ. "ಕೇಳಿದ್ರಾ ಅವರು?"

"ಕೇಳಿದ್ರು."

"ಮೆಷಿನ್ ಬರುತ್ತಂತಾ ಇಲ್ಲಿಗೆ?"

"ಗೊತ್ತಿಲ್ಲ ಅಂದ್ರು."

ಕೆಲೇಪಿ ತಲೆಯಾಡಿಸಿದ. ಅಕ್ಕ ಏನು ಹೇಳಿದರೆಂದು ಕೇಳಲಿಲ್ಲ. ಒಳಗೆ ಬಂದು ಬೂಟು ಬಿಚ್ಚಿ ಊಟಕ್ಕೆ ಕುಳಿತ.

ಸೋಮವಾರ ಲೂಪೆ ತಡವಾಗಿ ಬರುತ್ತೇನೆಂದು ಗ್ಲೆಂಡಾಗೆ ಹೇಳಿ ಮನೆಯಲ್ಲೇ ಉಳಿದಳು. ಹಾರ್ನ್ ಕೇಳಿದಾಗ ಅತ್ತಿಗೆಯ ಹಿಂದೆ ಗೇಟಿನವರೆಗೂ ಹೋದಳು. ವ್ಯಾನಿನ ಕಿಟಕಿಯಲ್ಲಿ ಎರಡು ಮುಖಗಳು ಇತ್ತಲೇ ನೆಟ್ಟಿದ್ದವು. ಗೇಟು ತೆರೆದದ್ದೇ ಆ ಮುಖಗಳಿಂದ ಏನೋ ಇಳಿದುಹೋದದ್ದನ್ನು ಅವಳು ಕಣ್ಣಾರೆ ಕಂಡಳು. ಮುದುಕ ತನ್ನ ಚೀಲವನ್ನು ಪಕ್ಕದ ಸೀಟಿನಿಂದ ಎತ್ತಿಕೊಂಡ.

"ಬಾರಮ್ಮ ಲಿನಿ, ಇವತ್ತೂ ಲೇಟು!" ಎಂದ.

"ನಿನ್ನ ಜೋಕ್ ಕೇಳೋಕೆ ಯಾರು ಓಡಿಬರ್ತಾರೆ?" ಲೋಸಲೀನಿ ತಮಗೆ ಬರುವ ನಾಲ್ಕು ಇಂಗ್ಲಿಷ್ ಪದಗಳಲ್ಲಿ ಅಂದು, ಕಂಬಿ ಹಿಡಿದು, ಒಂದು ಕಾಲು, ಇನ್ನೊಂದು ಕಾಲು, ಹತ್ತಿದರು. ಹಿಡಿಯಲು ಚಾಚಿದ ಲೂಪೆಯ ಕೈಯನ್ನು ನೋಡಲೂ ಇಲ್ಲ.

ವ್ಯಾನು ಹೊರಟಿತು. ಟೊಂಗಾದಲ್ಲಿ ಅರಸು ಹಾದುಹೋಗುವಾಗ ದಾರಿಬದಿಯ ಜನ ಇದ್ದಲ್ಲೇ ನೆಲಕ್ಕೆ ಕುಳಿತುಬಿಡುತ್ತಾರೆ. ಶೆಡ್ಡಿನ ಬೂಟು, ಏಪ್ರನ್ ಹಾಕಿಕೊಂಡಿದ್ದ ಲೂಪೆ ರಸ್ತೆಯಂಚಿನ ಕೆಂಪು ಧೂಳಿನಲ್ಲಿ ಕಾಲು ಮಡಿಸಿ ಕುಳಿತಳು. ಹಿಂದಿನ ಗಾಜಿನಿಂದ ಇಣುಕಿದ ಡೆಸ್‌ಗೆ ಏನೂ ಅರ್ಥವಾಗಲಿಲ್ಲ. ಆದರೂ ಕೈ ಬೀಸಿದ. ವ್ಯಾನು ದ್ರಾಕ್ಷಿ ತೋಟದ ತಿರುವಿನಲ್ಲಿ ಮರೆಯಾಗುವವರೆಗೂ ಲೂಪೆ ಏಳಲಿಲ್ಲ.